ಬೀಗ ಬಿಡಿಸುವ ಹವ್ಯಾಸ: ಪಾರದರ್ಶಕ ಬೀಗ ಒಲಿದಿದೆ, ಹಿತ್ತಾಳೆ ಬೀಗ ಜಗ್ಗುತ್ತಿಲ್ಲ

ಹೊಸಕೈ:

ಎಲ್ಲರಿಗೂ ನಮಸ್ಕಾರ. ಕೀಲಿಯಿಲ್ಲದೆ ಬೀಗ ಬಿಡಿಸುವುದನ್ನು ಹವ್ಯಾಸವಾಗಿ ಕಲಿಯುತ್ತಿದ್ದೇನೆ. ಒಳಗಿನ ಪಿನ್‌ಗಳೆಲ್ಲ ಕಣ್ಣಿಗೆ ಕಾಣುವ ಪಾರದರ್ಶಕ ಬೀಗವೊಂದು, ಅದರ ಜೊತೆಗೇ ಸಿಕ್ಕ ಇಪ್ಪತ್ತರಷ್ಟು ಸಲಕರಣೆಗಳು ನನ್ನಲ್ಲಿವೆ. ಆ ಬೀಗವನ್ನು ಈಗ ಸಲೀಸಾಗಿ ತೆಗೆಯುತ್ತೇನೆ. ಅದೇ ಧೈರ್ಯದಲ್ಲಿ ಐದು ಪಿನ್‌ಗಳ ಹಿತ್ತಾಳೆ ಬೀಗವೊಂದನ್ನು ಕೊಂಡುಕೊಂಡೆ. ಅದು ಮಾತ್ರ ಜಪ್ಪಯ್ಯ ಎಂದರೂ ತೆರೆಯುತ್ತಿಲ್ಲ. ತುದಿ ಬಾಗಿದ ತೆಳು ಕಡ್ಡಿಯಂಥ ಹುಕ್ ಹಾಕಿ ಪಿನ್‌ಗಳನ್ನು ಒಂದೊಂದಾಗಿ ಎತ್ತುತ್ತೇನೆ. ಯಾವುದು ಕೂತಿತು, ಯಾವುದು ಕೂರಲಿಲ್ಲ ಎನ್ನುವುದೇ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಬೆರಳು ನೋಯಲು ಶುರುವಾಗುತ್ತದೆ, ಬೀಗವನ್ನು ತಿರುಗಿಸಿ ಹಿಡಿಯುವ ಟೆನ್ಷನ್ ರೆಂಚ್ ಬಾಗಿದಂತೆ ಕಾಣುತ್ತದೆ.

ಇಪ್ಪತ್ತು ಸಲಕರಣೆಗಳಲ್ಲಿ ನಿಜವಾಗಿ ಬೇಕಾದವು ಯಾವುವು? ಬೀಗದಲ್ಲೇ ಏನಾದರೂ ವಿಶೇಷ ಇರಬಹುದೇ? ಇನ್ನೊಂದು ವಿಷಯ. ಮನೆಯವರು ಇದನ್ನು ಕಳ್ಳರ ವಿದ್ಯೆ ಎನ್ನುತ್ತಾರೆ. ಅವರಿಗೆ ಏನು ಉತ್ತರ ಕೊಡಬೇಕೆಂದು ತೋಚುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಹಿತ್ತಾಳೆಪ್ರಿಯ:

ನಮಸ್ಕಾರ ಹೊಸಕೈ ಅವರೇ. ಬೆರಳು ನೋಯುತ್ತದೆ, ರೆಂಚ್ ಬಾಗುತ್ತದೆ ಎಂದಿರಲ್ಲ, ನಿಮ್ಮ ತೊಂದರೆ ಅಲ್ಲೇ ಇದೆ. ನೀವು ಬೀಗದ ಮೇಲೆ ಹಾಕುತ್ತಿರುವ ಬಲ ಬಹಳ ಹೆಚ್ಚಾಯಿತು. ಕಂಪ್ಯೂಟರ್ ಕೀಬೋರ್ಡಿನ ಒಂದು ಕೀ ಒತ್ತಲು ಎಷ್ಟು ಬಲ ಬೇಕೋ ಅದಕ್ಕಿಂತ ಹೆಚ್ಚು ಬಲ ಸಾಧಾರಣ ಬೀಗಕ್ಕೆ ಬೇಕಿಲ್ಲ. ಎಲ್ಲರೂ ಪಿಕ್ (ಹುಕ್‌ನಂಥ, ಪಿನ್ ಎತ್ತುವ ಸಲಕರಣೆ) ಹಿಡಿದ ಕೈಯನ್ನೇ ಪಳಗಿಸುತ್ತಾರೆ. ಬೀಗ ತೆರೆಯುವುದು ಇನ್ನೊಂದು ಕೈ, ರೆಂಚ್ ಹಿಡಿದ ಕೈ. ಇಷ್ಟನ್ನು ನಂಬಿದರೆ ಅರ್ಧ ದಾರಿ ಸಾಗಿದಂತೆ.

ಯಾಕೆಂದು ಹೇಳುತ್ತೇನೆ. ಬೀಗದೊಳಗೆ ತಿರುಗುವ ಉರುಳೆಗೆ ಪ್ಲಗ್ ಎನ್ನುತ್ತೇವೆ. ಅದನ್ನು ಸುತ್ತುವರಿದಿರುವುದು ಕವಚ. ಎರಡೂ ಸೇರುವ ಗೆರೆಯೇ ಶಿಯರ್ ಲೈನ್. ಪ್ಲಗ್ಗಿನಿಂದ ಕವಚದೊಳಕ್ಕೆ ಸಾಗುವಂತೆ ಕೊರೆದ ಪ್ರತಿ ರಂಧ್ರದಲ್ಲಿ ಕೆಳಗೆ ಕೀಲಿ ಪಿನ್, ಅದರ ಮೇಲೆ ಡ್ರೈವರ್ ಪಿನ್, ಎಲ್ಲಕ್ಕೂ ಮೇಲೆ ಸ್ಪ್ರಿಂಗ್ ಇರುತ್ತದೆ. ಸರಿಯಾದ ಕೀಲಿ ಹಾಕಿದಾಗ ಪ್ರತಿ ಜೋಡಿಯ ಸಂದೂ ಶಿಯರ್ ಲೈನಿಗೆ ಬಂದು ನಿಲ್ಲುತ್ತದೆ, ಪ್ಲಗ್ ತಿರುಗುತ್ತದೆ. ಒಂದು ಡ್ರೈವರ್ ಪಿನ್ ಗೆರೆ ದಾಟಿ ಕೆಳಗೆ ಇಳಿದಿದ್ದರೂ ಪ್ಲಗ್ ಕದಲುವುದಿಲ್ಲ.

ಈಗ ಮುಖ್ಯ ಸಂಗತಿ. ಕಾರ್ಖಾನೆಯಲ್ಲಿ ಆ ರಂಧ್ರಗಳನ್ನು ಎಷ್ಟೇ ಎಚ್ಚರದಿಂದ ಕೊರೆದರೂ ಅವು ನೂಲು ಹಿಡಿದಷ್ಟು ನೇರವಾಗಿ ಬರುವುದಿಲ್ಲ. ಒಂದು ಎಡಕ್ಕೆ ಒಂದಿಷ್ಟು, ಇನ್ನೊಂದು ಬಲಕ್ಕೆ ಒಂದಿಷ್ಟು ಸರಿದಿರುತ್ತದೆ. ಹಾಗಾಗಿ ಪ್ಲಗ್ಗನ್ನು ಮೆಲ್ಲಗೆ ತಿರುಗಿಸಿ ಹಿಡಿದಾಗ ಐದೂ ಪಿನ್‌ಗಳು ಒಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ. ಯಾವುದೋ ಒಂದು ಮೊದಲು ಬಿಗಿಯಾಗುತ್ತದೆ. ಅದನ್ನು ಹುಡುಕಿ ಎತ್ತಿದರೆ ಅದರ ಡ್ರೈವರ್ ಪಿನ್ ಗೆರೆಯ ಮೇಲೆ ಕುಳಿತುಕೊಳ್ಳುತ್ತದೆ, ಪ್ಲಗ್ ಕಂಡೂ ಕಾಣದಷ್ಟು ತಿರುಗುತ್ತದೆ, ಬಿಗಿತ ಮತ್ತೊಂದು ಪಿನ್ನಿಗೆ ಹೋಗುತ್ತದೆ. ಹೀಗೆ ಸರದಿಯಂತೆ ಕೊನೆಯವರೆಗೆ. ನೀವು ರೆಂಚನ್ನು ಗಟ್ಟಿಯಾಗಿ ಒತ್ತಿದರೆ ಎರಡು ಮೂರು ಪಿನ್‌ಗಳು ಒಟ್ಟಿಗೆ ಬಿಗಿಯುತ್ತವೆ, ಸರದಿ ಕಲಸಿಹೋಗುತ್ತದೆ. ಆಮೇಲೆ ಎಲ್ಲ ಪಿನ್‌ಗಳೂ ಬೆರಳಿಗೆ ಒಂದೇ ಥರ ಅನ್ನಿಸುತ್ತವೆ.

ಇವತ್ತು ಬೀಗ ತೆಗೆಯುವ ಆಸೆ ಬಿಟ್ಟು ಬರೀ ಪಿನ್‌ಗಳನ್ನು ಮುಟ್ಟಿ ನೋಡಿ. ಬಿಗಿಯಾಗದ ಪಿನ್ ಸ್ಪ್ರಿಂಗಿನ ಮೇಲೆ ಹಗುರವಾಗಿ ಕುಣಿಯುತ್ತದೆ. ಬಿಗಿಯಾದದ್ದು ಪಿಕ್ಕಿಗೆ ತಡೆ ಕೊಡುತ್ತದೆ. ಕೂತ ಪಿನ್‌ನಲ್ಲಿ ಕೀಲಿ ಪಿನ್ ಸ್ಪ್ರಿಂಗಿನ ಒತ್ತಡವೇ ಇಲ್ಲದೆ ಸಡಿಲವಾಗಿ ಒಂದಿಷ್ಟು ಆಡುತ್ತದೆ, ಮೇಲೆ ಎತ್ತಿದರೆ ತಟ್ಟನೆ ನಿಲ್ಲುತ್ತದೆ. ಈ ಮೂರು ಸ್ಪರ್ಶಗಳು ಬೇರೆ ಬೇರೆಯಾಗಿ ಗುರುತು ಸಿಗುವವರೆಗೆ ಮುಂದಕ್ಕೆ ಹೋಗಬೇಡಿ. ಪಿನ್ ಕೂರುವಾಗ ಬರುವ ಟಿಕ್ ಎಂಬ ಸದ್ದು ಕಿವಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ.

ಸಲಕರಣೆಯ ವಿಚಾರ ಚಿಕ್ಕದು. ಒಂದು ಗಿಡ್ಡ ಹುಕ್, ಒಂದು ಮಧ್ಯಮ ಹುಕ್, ಒಂದು ಚಪ್ಪಟೆ ಟೆನ್ಷನ್ ರೆಂಚ್. ಉಳಿದವನ್ನು ಡಬ್ಬಿಯಲ್ಲಿಡಿ.

ಮೆಲುಬೆರಳು:

ಹಿತ್ತಾಳೆಪ್ರಿಯ ಅವರು ಹೇಳಿದ್ದಕ್ಕೆ ರೆಂಚಿನ ಜಾಗದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಹೆಚ್ಚಿನವರು ಎಲ್ ಆಕಾರದ ರೆಂಚನ್ನು ಕೀಲಿರಂಧ್ರದಲ್ಲಿ ಪಿನ್‌ಗಳಿಗೆ ಎದುರು ತುದಿಯಲ್ಲಿ ಇಡುತ್ತಾರೆ. ಅಲ್ಲಿ ಅದು ರಂಧ್ರದ ಅರ್ಧ ಜಾಗವನ್ನು ತಿಂದುಹಾಕುತ್ತದೆ, ಹುಕ್ ಆಡಿಸಲು ಎಡೆಯೇ ಉಳಿಯುವುದಿಲ್ಲ. ಚಪ್ಪಟೆ ರೆಂಚನ್ನು ಪಿನ್‌ಗಳಿರುವ ಕಡೆಯ ತುದಿಯಲ್ಲಿ, ಮೊದಲ ಪಿನ್ನಿಗೆ ತಾಗದಷ್ಟು ಹೊರಗೆ ಇಟ್ಟು ನೋಡಿ. ಕೆಳಗಿನ ಜಾಗವೆಲ್ಲ ಹುಕ್ಕಿಗೆ ಸಿಗುತ್ತದೆ. ರೆಂಚ್ ಕೀಲಿರಂಧ್ರದ ಬಾಯಿಯಲ್ಲಿ ಸಡಿಲವಾಗಿ ಅಲ್ಲಾಡಬಾರದು. ಅಲ್ಲಾಡಿದರೆ ಬೀಗ ಕೊಡುವ ಸುದ್ದಿ ನಿಮ್ಮ ಬೆರಳಿಗೆ ಮುಟ್ಟುವುದಿಲ್ಲ.

ಪಿಕ್ಕಿನ ದಪ್ಪವನ್ನೂ ನೋಡಿ. ಸಾಮಾನ್ಯವಾಗಿ 0.6 ಮಿಲಿಮೀಟರ್ ಸುತ್ತಮುತ್ತಲಿನವು ಸಿಗುತ್ತವೆ, ಅಗಲ ರಂಧ್ರದ ಬೀಗಕ್ಕೆ ಅವು ಸಾಕು. ಡೊಂಕು ಡೊಂಕಾದ ಇಕ್ಕಟ್ಟು ರಂಧ್ರಕ್ಕೆ 0.4 ಮಿಲಿಮೀಟರ್ ಆಸುಪಾಸಿನ ತೆಳುವಾದದ್ದು ಬೇಕು. ತೆಳು ಪಿಕ್ ಬೇಗ ಬಾಗುತ್ತದೆ, ಆದ್ದರಿಂದ ಹೊಸಬರು ದಪ್ಪದರಲ್ಲೇ ಕಲಿಯುವುದು ಒಳ್ಳೆಯದು. ಅಂಚುಗಳು ಒರಟಾಗಿದ್ದರೆ ಸಣ್ಣ ಕಾಳಿನ ಮರಳು ಕಾಗದದಿಂದ ಉಜ್ಜಿ ನುಣುಪು ಮಾಡಿಕೊಳ್ಳಿ. ಒರಟು ಅಂಚು ರಂಧ್ರದ ಗೋಡೆಗೆ ಕೆರೆದರೆ ಅದನ್ನೇ ಪಿನ್ನಿನ ತಡೆ ಎಂದು ತಿಳಿಯುವ ಅಪಾಯವಿದೆ.

ದುರಸ್ತಿಕಾರ:

ಬೀಗ ರಿಪೇರಿಯೇ ನನ್ನ ಕಸುಬು. ಪಾರದರ್ಶಕ ಬೀಗವನ್ನು ಇನ್ನು ಮುಟ್ಟಬೇಡಿ. ಅದರ ರಂಧ್ರಗಳು ಸಡಿಲ, ಪ್ಲಾಸ್ಟಿಕ್ಕು ಬೆರಳಿಗೆ ಏನನ್ನೂ ಹೇಳುವುದಿಲ್ಲ. ನೀವು ಅದನ್ನು ತೆಗೆಯುತ್ತಿರುವುದು ಕಣ್ಣಿನಿಂದ. ಹಿತ್ತಾಳೆ ಬೀಗದ ಮುಂದೆ ಕಣ್ಣಿಗೆ ಕೆಲಸವೇ ಇಲ್ಲ.

ಮೆಲುಬೆರಳು:

ಅಷ್ಟು ಕಟುವಾಗಿ ತಳ್ಳಿಹಾಕುವುದು ಸರಿಯಲ್ಲ, ದುರಸ್ತಿಕಾರ ಅವರೇ. ಶಿಯರ್ ಲೈನ್ ಎಂದರೇನು, ಪಿನ್ನನ್ನು ಅತಿಯಾಗಿ ಎತ್ತಿದರೆ ಏನಾಗುತ್ತದೆ ಎನ್ನುವುದನ್ನು ಅಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಸಾಧನ ಇಲ್ಲ. ಕೀಲಿ ಪಿನ್ ಗೆರೆಯನ್ನು ದಾಟಿ ಕವಚದೊಳಗೆ ನುಗ್ಗಿ ಪ್ಲಗ್ಗನ್ನು ಹಿಡಿದು ನಿಲ್ಲಿಸುವುದನ್ನು ಒಮ್ಮೆ ಕಣ್ಣಾರೆ ಕಂಡವರು, ಹಿತ್ತಾಳೆ ಬೀಗದಲ್ಲಿ ಅದೇ ಆದಾಗ ಗಾಬರಿಯಾಗದೆ ಬಲ ಸಡಿಲಿಸುತ್ತಾರೆ. ಕಲಿಯಲು ಅದು ಬೇಕು, ಅಭ್ಯಾಸಕ್ಕೆ ಬೇಡ. ಇಷ್ಟು ಒಪ್ಪುತ್ತೀರಾ?

ದುರಸ್ತಿಕಾರ:

ಒಪ್ಪಿದೆ. ಅಭ್ಯಾಸಕ್ಕೆ ಬೇಡ ಎನ್ನುವುದೇ ನನ್ನ ಮಾತು.

ಇನ್ನು ಹೊಸಕೈ ಅವರಿಗೆ. ಬಿಚ್ಚಿ ಜೋಡಿಸಲು ಬರುವಂಥ ಸಿಲಿಂಡರ್ (ಪ್ಲಗ್, ಕವಚ, ಪಿನ್‌ಗಳೆಲ್ಲ ಸೇರಿದ ಬೀಗದ ಭಾಗ) ಒಂದನ್ನು ಇಟ್ಟುಕೊಳ್ಳಿ, ಬಾಗಿಲಿನಿಂದ ಕಳಚಿದ ಹಳೆಯದಾದರೂ ಆದೀತು. ಅದರ ಪಿನ್‌ಗಳನ್ನೆಲ್ಲ ತೆಗೆದು ಒಂದೇ ಒಂದು ಜೋಡಿ ಹಾಕಿ. ಒಂದು ಪಿನ್ನಿನ ಬೀಗವನ್ನು ತೆಗೆಯುವುದು ದೊಡ್ಡ ಸಾಹಸವಲ್ಲ, ಆದರೆ ಬಿಗಿಯುವುದು, ಕೂರುವುದು, ಅತಿಯಾಗಿ ಏರುವುದು ಈ ಮೂರೂ ಅಲ್ಲಿ ಬೇರೆ ಯಾವ ಗದ್ದಲವೂ ಇಲ್ಲದೆ ಸಿಗುತ್ತವೆ. ಆಮೇಲೆ ಎರಡು ಜೋಡಿ. ಎರಡಾದ ಕೂಡಲೇ ಸರದಿ ಎಂದರೇನು ಎನ್ನುವುದು ಅರ್ಥವಾಗುತ್ತದೆ. ಹೀಗೆ ಒಂದೊಂದೇ ಹೆಚ್ಚಿಸುತ್ತಾ ಹೋಗಿ.

ಬಿಚ್ಚುವಾಗ ಪ್ಲಗ್ಗನ್ನು ಸುಮ್ಮನೆ ಎಳೆದರೆ ಸ್ಪ್ರಿಂಗು, ಪಿನ್ನುಗಳೆಲ್ಲ ಕೋಣೆಯ ತುಂಬ ಚಿಮ್ಮುತ್ತವೆ. ಕೀಲಿ ಹಾಕಿ ಪ್ಲಗ್ಗನ್ನು ಕೊಂಚ ತಿರುಗಿಸಿ, ಅದೇ ದಪ್ಪದ ದುಂಡನೆಯ ಕಡ್ಡಿಯೊಂದನ್ನು ಹಿಂದಿನಿಂದ ತಳ್ಳುತ್ತಾ ಪ್ಲಗ್ಗನ್ನು ಮುಂದಕ್ಕೆ ಜಾರಿಸಬೇಕು. ಕಡ್ಡಿ ಪ್ಲಗ್ಗಿನ ಜಾಗದಲ್ಲಿ ನಿಂತು ಮೇಲಿನ ಪಿನ್‌ಗಳನ್ನು ತಡೆಯುತ್ತದೆ. ಇದಕ್ಕೆ ಫಾಲೋವರ್ ಎನ್ನುತ್ತಾರೆ. ಪ್ಲಗ್ಗಿನ ವ್ಯಾಸಕ್ಕೆ ಹೊಂದುವ ಮರದ ಕಡ್ಡಿಯೂ ನಡೆಯುತ್ತದೆ. ಕೀಲಿ ಪಿನ್‌ಗಳು ಒಂದೊಂದೂ ಬೇರೆ ಬೇರೆ ಉದ್ದದವು, ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ. ಕ್ರಮ ತಪ್ಪಿದರೆ ಆ ಬೀಗದ ಕೀಲಿ ಆ ಬೀಗಕ್ಕೇ ಆಗುವುದಿಲ್ಲ.

ಕೆಲವು ಸಿಲಿಂಡರ್‌ಗಳಲ್ಲಿ ಇನ್ನೊಂದು ಪೇಚು ಇದೆ. ಪಿಕ್ಕಿನಿಂದ ತೆಗೆದ ಪ್ಲಗ್ಗನ್ನು ಅರ್ಧ ಸುತ್ತು ತಿರುಗಿಸಿದರೆ ಕೀಲಿರಂಧ್ರದ ತೆರೆದ ಕೆಳಭಾಗ ಡ್ರೈವರ್ ಪಿನ್‌ಗಳ ಎದುರಿಗೆ ಬರುತ್ತದೆ. ಒಳಗೆ ಕೀಲಿ ಇಲ್ಲವಲ್ಲ, ಡ್ರೈವರ್‌ಗಳು ಸ್ಪ್ರಿಂಗಿನ ಒತ್ತಡಕ್ಕೆ ಆ ಸಂದಿಗೆ ಇಳಿದು ಪ್ಲಗ್ಗನ್ನು ಅಲ್ಲೇ ಕಟ್ಟಿಹಾಕುತ್ತವೆ. ಚಪ್ಪಟೆಯಾದ ಸಲಕರಣೆ ತೂರಿಸಿ ಅವನ್ನೆಲ್ಲ ಒಟ್ಟಿಗೆ ಒಳಗೆ ಒತ್ತಿ ಹಿಡಿದು ತಿರುಗಿಸಿದರೆ ಬಿಡುಗಡೆಯಾಗುತ್ತದೆ. ಮೇಜಿನ ಮೇಲೆ ಇದು ಆದರೆ ಪಾಠ. ಮನೆಯ ಮುಂಬಾಗಿಲಿನಲ್ಲಿ ಆದರೆ ನಮ್ಮಂಥವರನ್ನು ಕರೆಸಬೇಕಾಗುತ್ತದೆ. ಬಳಕೆಯಲ್ಲಿರುವ ಬೀಗದ ಮೇಲೆ ಅಭ್ಯಾಸ ಮಾಡಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಪಿಕ್ಕಿನ ಹೊಡೆತಕ್ಕೆ ಸ್ಪ್ರಿಂಗು ಬಾಗುವುದು, ಪಿನ್ನು ಸವೆಯುವುದು ಇವೆಲ್ಲ ಅದರ ಮೇಲೆ ಬೇರೆ.

ಇನ್ನೂ ಒಂದು. ಬೀಗ ಕೊಳ್ಳುವ ಮುನ್ನ ಕೀಲಿಯನ್ನು ನೋಡಿ. ಒಂದು ಅಂಚಿನುದ್ದಕ್ಕೂ ಗರಗಸದಂಥ ಹಲ್ಲುಗಳಿರುವ ಚಪ್ಪಟೆ ಕೀಲಿಯಾದರೆ ಸಾಮಾನ್ಯವಾಗಿ ಪಿನ್ ಬೀಗ. ದುಂಡನೆಯ ಕಾಂಡ, ತುದಿಯಲ್ಲಿ ಬಾವುಟದಂತೆ ಚಾಚಿದ ಹಲ್ಲು ಇದ್ದರೆ ಅದು ಲಿವರ್ ಬೀಗ, ಅದರೊಳಗೆ ಪಿನ್‌ಗಳ ಬದಲು ಕೀಲಿ ಎತ್ತುವ ಚಪ್ಪಟೆ ಫಲಕಗಳು, ಅಂದರೆ ಲಿವರ್‌ಗಳು, ಇರುತ್ತವೆ. ಅದರ ಸಲಕರಣೆ ಬೇರೆ, ರೀತಿ ಬೇರೆ. ಈ ಹುಕ್‌ಗಳನ್ನು ಹಿಡಿದು ಅದರ ತಂಟೆಗೆ ಹೋಗಬೇಡಿ.

ಹಳೆಯಬೀಗ:

ಮನೆಯವರ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಅದಕ್ಕೆ ಹತ್ತೊಂಬತ್ತನೆಯ ಶತಮಾನದ ಲಂಡನ್ನಿಗೆ ಹೋಗಬೇಕು.

ಜೋಸೆಫ್ ಬ್ರಾಮಾ 1784ರಲ್ಲಿ ಹೊಸ ಬಗೆಯ ಬೀಗಕ್ಕೆ ಪೇಟೆಂಟ್ ಪಡೆದ. ಅವನ ಅಂಗಡಿಯ ಕಿಟಕಿಯಲ್ಲಿ ಬೀಗವೊಂದನ್ನು ಇಟ್ಟು, ಇದನ್ನು ತೆಗೆಯುವ ಸಲಕರಣೆ ಮಾಡಿದವರಿಗೆ 200 ಗಿನಿ (ಆಗಿನ ಬ್ರಿಟಿಷ್ ಹಣ) ಕೊಡುವುದಾಗಿ ಬರೆಯಲಾಗಿತ್ತು. ದಶಕಗಳು ಕಳೆದರೂ ಅದು ಯಾರಿಗೂ ಬಗ್ಗಲಿಲ್ಲ. ಅತ್ತ 1818ರಲ್ಲಿ ಜೆರೆಮಾಯಾ ಚಬ್ ಬೇರೆ ಬಗೆಯದೊಂದು, ಲಿವರ್ ಬೀಗ ಮಾಡಿದ. ಯಾರಾದರೂ ಅದರ ಲಿವರನ್ನು ಅಳತೆ ಮೀರಿ ಎತ್ತಿದರೆ ಒಳಗೊಂದು ಕೊಂಡಿ ಸಿಕ್ಕಿಕೊಂಡು ಬೀಗ ಜಾಮ್ ಆಗುತ್ತಿತ್ತು, ಮಾಲೀಕ ಮುಂದಿನ ಸಲ ಕೀಲಿ ಹಾಕಿದಾಗ ಯಾರೋ ಕೈಯಾಡಿಸಿದ್ದಾರೆ ಎಂದು ತಿಳಿಯುತ್ತಿತ್ತು. ಈ ಎರಡು ಬೀಗಗಳಿರುವಾಗ ಕಳ್ಳನ ಭಯವೇ ಇಲ್ಲ ಎಂದು ಜನ ನಿಶ್ಚಿಂತೆಯಿಂದ ಇದ್ದರು.

1851ರಲ್ಲಿ ಅಲ್ಲಿ ಮಹಾ ವಸ್ತುಪ್ರದರ್ಶನ ನಡೆದಾಗ ಅಮೆರಿಕದ ಬೀಗತಜ್ಞ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಬಂದ. ಚಬ್ ಬೀಗವನ್ನು ಸಾಕ್ಷಿಗಳ ಎದುರು ಅರ್ಧ ಗಂಟೆಯೊಳಗೆ ತೆಗೆದ. ಆ ಕೊಂಡಿ ಸಿಕ್ಕಿಕೊಂಡರೆ ಯಾವ ಲಿವರನ್ನು ಹೆಚ್ಚು ಎತ್ತಿದೆ ಎನ್ನುವುದು ತಾನಾಗಿ ಗೊತ್ತಾಗುತ್ತದೆ ಎಂದು ಅವನು ತೋರಿಸಿಕೊಟ್ಟ. ಅಂದರೆ ಕಾವಲಿಗೆ ಇಟ್ಟ ಭಾಗವೇ ಬೀಗದ ಗುಟ್ಟನ್ನು ಹೊರಗೆ ಹಾಕುತ್ತಿತ್ತು! ಬ್ರಾಮಾ ಬೀಗ ಅಷ್ಟು ಸುಲಭವಾಗಿ ಮಣಿಯಲಿಲ್ಲ. ಹದಿನಾರು ದಿನಗಳಲ್ಲಿ ಹಂಚಿಹೋದ ಸುಮಾರು 51 ಗಂಟೆಗಳ ಕೆಲಸದ ಮೇಲೆ ಅದೂ ತೆರೆಯಿತು. 200 ಗಿನಿ ಅವನ ಕೈಸೇರಿತು.

ಆಗಲೂ ನಿಮ್ಮ ಮನೆಯವರು ಕೇಳಿದ್ದನ್ನೇ ಜನ ಕೇಳಿದರು. ಬೀಗದ ದೌರ್ಬಲ್ಯವನ್ನು ಬೀದಿಯಲ್ಲಿ ಸಾರಿದರೆ ಕಳ್ಳರಿಗೆ ಪಾಠ ಹೇಳಿಕೊಟ್ಟಂತಲ್ಲವೇ ಎಂದರು. ಹಾಬ್ಸ್‌ನ ಪಕ್ಷದವರ ವಾದ ಸ್ಪಷ್ಟವಾಗಿತ್ತು. ಕಳ್ಳರಿಗೆ ಇದೆಲ್ಲ ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಬೀಗ ಕೊಳ್ಳುವ ಸಜ್ಜನರಿಗೆ. ನಾನು ಇದನ್ನು ಮನಸಾರೆ ಒಪ್ಪುತ್ತೇನೆ. ಇಂದು ಒಳ್ಳೆಯ ಬೀಗಗಳಲ್ಲಿ ಪಿಕ್ಕನ್ನು ಮೋಸಗೊಳಿಸುವ ಪಿನ್‌ಗಳಿದ್ದರೆ, ಯಾರೋ ಸಾದಾ ಪಿನ್‌ಗಳನ್ನು ತೆಗೆದು ತೋರಿಸಿದ್ದರಿಂದಲೇ ಇವೆ. ನಾವೆಲ್ಲ ಈಗ ಕೈಯಲ್ಲಿ ಹಿಡಿಯುವ ಪಿನ್ ಬೀಗವೂ ಅದೇ ಕಾಲದ್ದು. ಲೈನಸ್ ಯೇಲ್ 1848ರಲ್ಲಿ ಪೇಟೆಂಟ್ ಪಡೆದದ್ದನ್ನು ಅದೇ ಹೆಸರಿನ ಅವನ ಮಗ 1860ರ ದಶಕದಲ್ಲಿ ಸಣ್ಣ ಚಪ್ಪಟೆ ಕೀಲಿಯ ಸಿಲಿಂಡರ್ ಆಗಿ ಬೆಳೆಸಿದ. ಮೂಲ ಕಲ್ಪನೆ ಪ್ರಾಚೀನ ಈಜಿಪ್ಟಿನ ಮರದ ಬೀಗಗಳಲ್ಲೇ ಇತ್ತು. ಅಲ್ಲಿಯೂ ಅಗುಳಿಯನ್ನು ಹಿಡಿದದ್ದು ಮೇಲಿನಿಂದ ಬೀಳುವ ಮರದ ಪಿನ್‌ಗಳು.

ಇಷ್ಟೆಲ್ಲ ಹೇಳಿದ ಮೇಲೂ ಎರಡು ನಿಯಮಗಳನ್ನು ಒಂದಿಷ್ಟೂ ಸಡಿಲಿಸುವಂತಿಲ್ಲ. ನಿಮ್ಮದಲ್ಲದ ಬೀಗವನ್ನು ಅದರ ಒಡೆಯರ ಸ್ಪಷ್ಟ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ಯಾರಾದರೂ ನೆಚ್ಚಿಕೊಂಡಿರುವ, ಬಳಕೆಯಲ್ಲಿರುವ ಬೀಗವನ್ನು, ಅದು ನಿಮ್ಮದೇ ಆದರೂ, ಅಭ್ಯಾಸಕ್ಕೆ ಬಳಸಬಾರದು. ಜಗತ್ತಿನ ಎಲ್ಲೆಡೆ ಈ ಹವ್ಯಾಸದ ಬಳಗಗಳು ಈ ಎರಡರ ಮೇಲೆ ನಿಂತಿವೆ. ಜರ್ಮನಿಯಲ್ಲಿ 1997ರಲ್ಲೇ ಇದನ್ನು ಕ್ರೀಡೆಯಾಗಿ ಆಡುವವರ ಸಂಘ ಹುಟ್ಟಿತು, ನೆದರ್ಲೆಂಡ್ಸ್‌ನ ಟೂಲ್ ಸಂಘವೂ ಹೆಸರಾದದ್ದು. ಅಲ್ಲೆಲ್ಲ ಗಡಿಯಾರ ಇಟ್ಟು ಸ್ಪರ್ಧೆ ನಡೆಸುತ್ತಾರೆ.

ಹೊಸಕೈ:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹಾಬ್ಸ್‌ನ ಕಥೆಯನ್ನು ಮನೆಯಲ್ಲಿ ಓದಿ ಹೇಳಿದೆ, ಆಸಕ್ತಿಯಿಂದ ಕೇಳಿದರು. ಕಾನೂನಿನ ಬಗ್ಗೆ ಮಾತ್ರ ಅವರ ಅನುಮಾನ ಹೋಗಿಲ್ಲ. ಸಲಕರಣೆಗಳನ್ನು ಇಟ್ಟುಕೊಳ್ಳುವುದೇ ತಪ್ಪಾಗುತ್ತದೆಯೇ?

ಹಳೆಯಬೀಗ:

ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ 2003ರಲ್ಲಿ ಬಂದ ಕಾನೂನಿನಂತೆ ಕಸುಬು ಮುಂತಾದ ನ್ಯಾಯವಾದ ಕಾರಣವಿಲ್ಲದೆ ಇಂಥ ಸಲಕರಣೆ ಇಟ್ಟುಕೊಳ್ಳುವುದೇ ಅಪರಾಧ. ಇಂಗ್ಲೆಂಡಿನಲ್ಲಿ ಮನೆಯಲ್ಲಿಟ್ಟುಕೊಂಡರೆ ತಪ್ಪಿಲ್ಲ, ಕಳ್ಳತನದ ಉದ್ದೇಶದಿಂದ ಹೊರಗೆ ಒಯ್ದರೆ 1968ರ ಕಳ್ಳತನ ಕಾಯ್ದೆಯ 25ನೆಯ ಕಲಮಿಗೆ ಸಿಲುಕುತ್ತೀರಿ. ಬಹಳ ಕಡೆ ಉದ್ದೇಶವನ್ನೇ ನೋಡುತ್ತಾರೆ. ನೀವಿರುವ ಜಾಗದ ಕಾನೂನನ್ನು ನೀವೇ ಓದಿ, ಅನುಮಾನವಿದ್ದರೆ ವಕೀಲರನ್ನು ಕೇಳಿ. ಕಾನೂನು ಏನೇ ಇರಲಿ, ಸಲಕರಣೆಗಳನ್ನು ಜೇಬಿನಲ್ಲಿಟ್ಟುಕೊಂಡು ಊರು ಸುತ್ತಬೇಡಿ. ಅವುಗಳ ಜಾಗ ಮೇಜು.

ಹೊಸಕೈ:

ದುರಸ್ತಿಕಾರ ಅವರು ಹೇಳಿದಂತೆ ಹಳೆಯ ಸಿಲಿಂಡರಿನಲ್ಲಿ ಒಂದೊಂದೇ ಪಿನ್ ಹಾಕಿ ಅಭ್ಯಾಸ ಮಾಡಿದೆ. ಈಗ ಐದೂ ಪಿನ್‌ಗಳೊಂದಿಗೆ ತೆರೆಯುತ್ತಿದೆ! ಬಿಗಿಯಾದ ಪಿನ್ ಮತ್ತು ಕುಣಿಯುವ ಪಿನ್ನಿನ ವ್ಯತ್ಯಾಸ ಬೆರಳಿಗೆ ಸ್ಪಷ್ಟವಾಗಿದೆ. ಮತ್ತೆ ಹಿತ್ತಾಳೆ ಬೀಗಕ್ಕೆ ಹೋದೆ. ಅಲ್ಲಿ ವಿಚಿತ್ರವಾದದ್ದು ನಡೆಯುತ್ತಿದೆ. ನಾಲ್ಕು ಪಿನ್‌ಗಳು ಕೂತ ಮೇಲೆ ಪ್ಲಗ್ ಇದ್ದಕ್ಕಿದ್ದಂತೆ ದೊಡ್ಡದಾಗಿ ತಿರುಗುತ್ತದೆ. ತೆರೆಯಿತು ಎಂದುಕೊಳ್ಳುವಷ್ಟರಲ್ಲಿ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಒಂದು ಪಿನ್ನನ್ನು ಎತ್ತಲು ಹೋದರೆ ರೆಂಚ್ ನನ್ನ ಬೆರಳನ್ನು ಹಿಂದಕ್ಕೆ ತಳ್ಳುತ್ತದೆ.

ಹಿತ್ತಾಳೆಪ್ರಿಯ:

ಬಹಳ ಸಂತೋಷವಾಯಿತು. ನೀವು ವಿವರಿಸಿದ್ದು ಸ್ಪೂಲ್ ಪಿನ್ನಿನ ಲಕ್ಷಣ, ಅದನ್ನು ಇಷ್ಟು ಚೆನ್ನಾಗಿ ಗಮನಿಸಿದ್ದೀರಿ ಎಂದರೆ ಬೆರಳು ಪಳಗಿದೆ.

ಸ್ಪೂಲ್ ಎನ್ನುವುದು ನಡು ತೆಳುವಾದ, ಎರಡೂ ತುದಿ ದಪ್ಪವಾದ ಡ್ರೈವರ್ ಪಿನ್. ಅದನ್ನು ಎತ್ತುವಾಗ ತೆಳುವಾದ ನಡು ಶಿಯರ್ ಲೈನಿಗೆ ಬಂದ ಕೂಡಲೇ ಪ್ಲಗ್ಗಿಗೆ ಜಾಗ ಸಿಕ್ಕಿ ತಿರುಗುತ್ತದೆ. ಆದರೆ ಕೆಳಗಿನ ದಪ್ಪ ತುದಿ ಇನ್ನೂ ಪ್ಲಗ್ಗಿನೊಳಗೇ ಇದೆ, ಅದು ಅಂಚಿಗೆ ಕೊಕ್ಕೆ ಹಾಕಿಕೊಂಡು ಪ್ಲಗ್ಗನ್ನು ಹಿಡಿದಿದೆ. ಇದು ಸುಳ್ಳು ತಿರುವು. ಆ ದಪ್ಪ ತುದಿ ಗೆರೆಯನ್ನು ದಾಟಬೇಕಾದರೆ ಪ್ಲಗ್ ಸ್ವಲ್ಪ ಹಿಂದಕ್ಕೆ ತಿರುಗಲೇಬೇಕು. ನಿಮ್ಮ ಬೆರಳನ್ನು ಅದು ತಳ್ಳುತ್ತಿರುವುದು ಅದಕ್ಕಾಗಿಯೇ. ಜಾಗ ಬಿಡು ಎಂದು ಕೇಳುತ್ತಿದೆ, ಬಿಡಿ.

ಆದರೆ ಪೂರ್ತಿ ಬಿಟ್ಟರೆ ಕೂತಿದ್ದ ಪಿನ್‌ಗಳೆಲ್ಲ ಬೀಳುತ್ತವೆ. ಹುಕ್ಕನ್ನು ಪಿನ್ನಿನ ಅಡಿಯಲ್ಲಿ ಒಂದೇ ಸಮನೆ ಮೇಲಕ್ಕೆ ಒತ್ತಿ ಹಿಡಿದುಕೊಂಡು, ರೆಂಚಿನ ಮೇಲಿನ ಬಲವನ್ನು ಉಸಿರಿನಷ್ಟೇ ಕಡಿಮೆ ಮಾಡುತ್ತಾ ಬನ್ನಿ. ಪ್ಲಗ್ ಹಿಂದಕ್ಕೆ ಜಾರುವುದು ಗೊತ್ತಾಗುತ್ತದೆ, ಟಿಕ್ ಎಂದು ಪಿನ್ ಕೂರುತ್ತದೆ, ಪ್ಲಗ್ ಮತ್ತೆ ಮುಂದಕ್ಕೆ ಬರುತ್ತದೆ. ಹಿಂದಕ್ಕೆ ಜಾರುವಾಗ ಇನ್ನೊಂದು ಪಿನ್ ಬಿದ್ದುಹೋದರೆ ಹೋಗಲಿ, ಅದನ್ನು ಮತ್ತೆ ಹುಡುಕಿ ಕೂರಿಸಿ. ಯಾವ ಪಿನ್ ಸ್ಪೂಲ್ ಎಂದು ತಿಳಿಯಲು ಸುಳ್ಳು ತಿರುವಿನಲ್ಲಿ ನಿಂತು ಪ್ರತಿ ಪಿನ್ನನ್ನೂ ಮೆಲ್ಲಗೆ ಮುಟ್ಟಿ. ಯಾವುದನ್ನು ಒತ್ತಿದಾಗ ರೆಂಚ್ ಹಿಂದಕ್ಕೆ ಬರುತ್ತದೋ ಅದು.

ಇಡೀ ಹವ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಕ್ಷಣ ಇದು. ಎಷ್ಟು ಬೀಗಗಳನ್ನು ತೆಗೆದರೂ ಪ್ಲಗ್ ಹಿಂದಕ್ಕೆ ಜಾರುವಾಗ ಮೈ ಜುಮ್ಮೆನ್ನುತ್ತದೆ.

ದುರಸ್ತಿಕಾರ:

ಸರಿಯಾಗಿ ಹೇಳಿದಿರಿ. ಒಂದು ಎಚ್ಚರಿಕೆ: ಬೀಗ ಬಿಗಿ ಅನ್ನಿಸಿತೆಂದು ಅಡುಗೆಮನೆಯ ಎಣ್ಣೆ ಸುರಿಯಬೇಡಿ. ಅದು ಅಂಟಾಗಿ ದೂಳು ಹಿಡಿದು ಪಿನ್‌ಗಳು ಬೀಳದಂತೆ ಮಾಡುತ್ತದೆ. ಗ್ರಾಫೈಟ್ ಪುಡಿ ಹಾಕಿದ್ದರೆ ಅದರ ಮೇಲೆ ಎಣ್ಣೆಯಂತೂ ಬೇಡವೇ ಬೇಡ, ಎರಡೂ ಸೇರಿ ಕೆಸರಾಗುತ್ತದೆ.

ಹೊಸಕೈ:

ತೆರೆಯಿತು! ಬಲವನ್ನು ಮೆಲ್ಲಗೆ ಬಿಟ್ಟೆ, ಪ್ಲಗ್ ಹಿಂದೆ ಹೋಯಿತು, ಮೂರನೆಯ ಪಿನ್ ಕೂತಿತು, ಕೊಂಡಿ ಚಿಮ್ಮಿತು. ಕೈ ಇನ್ನೂ ನಡುಗುತ್ತಿದೆ. ಮುಂದೆ ಯಾವ ಬೀಗ ತೆಗೆದುಕೊಳ್ಳಲಿ?

ಮೆಲುಬೆರಳು:

ಅಭಿನಂದನೆಗಳು! ಈ ಹವ್ಯಾಸದಲ್ಲಿ ಬೀಗಗಳ ಕಷ್ಟವನ್ನು ಕರಾಟೆಯ ಹಾಗೆ ಬಿಳಿಯಿಂದ ಕಪ್ಪಿನವರೆಗೆ ಬಣ್ಣದ ಪಟ್ಟಿಗಳಲ್ಲಿ ಅಳೆಯುವ ರೂಢಿಯಿದೆ. ಅದನ್ನು ನೋಡಿ ಮೆಟ್ಟಿಲು ಮೆಟ್ಟಿಲಾಗಿ ಏರಬಹುದು. ನಿಮಗೆ ಈಗ ಸ್ಪೂಲ್ ಪಿನ್‌ಗಳೇ ತುಂಬಿರುವ ಬೀಗ ಬೇಕು. ಮಾಸ್ಟರ್ ಲಾಕ್ ಕಂಪನಿಯ 140 ಎಂಬ ಚಿಕ್ಕ ಹಿತ್ತಾಳೆ ಬೀಗ ಅದಕ್ಕೆ ಹೇಳಿ ಮಾಡಿಸಿದಂತಿದೆ, ಅದಕ್ಕೆ ನಾಲ್ಕೇ ಪಿನ್. ಅದು ಕೈಗೆ ಹತ್ತಿದ ಮೇಲೆ ಅಮೆರಿಕನ್ ಲಾಕ್ 1100. ಅದರ ಪಿನ್‌ಗಳ ಮೈಮೇಲೆ ಸಾಲು ಸಾಲು ಗೀರುಗಳಿವೆ, ಪ್ರತಿ ಗೀರಿಗೂ ಸುಳ್ಳು ಟಿಕ್ ಬರುತ್ತದೆ. ಯಾವುದು ನಿಜವಾದ ಟಿಕ್ ಎಂದು ಅಲ್ಲಿ ಮತ್ತೆ ಹೊಸದಾಗಿ ಕಲಿಯಬೇಕಾಗುತ್ತದೆ. ತೆಗೆದ ಮೇಲೆ ಆ ಬೀಗವನ್ನು ಬಿಚ್ಚಲೂ ಬರುತ್ತದೆ, ಆದ್ದರಿಂದ ನಿಮಗಾಗದ ಪಿನ್ನನ್ನು ಹೊರಗೆ ತೆಗೆದು ಕಣ್ಣಾರೆ ನೋಡಬಹುದು.

ದುರಸ್ತಿಕಾರ:

1100 ತರುವ ಮೊದಲು ಹಳೆಯ ಸಿಲಿಂಡರಿನಲ್ಲಿ ಒಂದೇ ಒಂದು ಗೀರು ಪಿನ್ ಹಾಕಿ, ಉಳಿದವೆಲ್ಲ ಸಾದಾ ಇರಲಿ. ಅದು ಯಾವ ರಂಧ್ರದಲ್ಲಿದೆ ಎಂದು ನಿಮಗೆ ಗೊತ್ತಿರಲಿ. ಆಮೇಲೆ ಮನೆಯವರ ಕೈಯಲ್ಲಿ ಜಾಗ ಬದಲಾಯಿಸಿಸಿ, ನೋಡದೆ ಹುಡುಕಿ.